ತೆಂಗಿನ ಹಾಲು ಉಕ್ಕಿಸಿದ ಪ್ರಸಂಗ

ಬಿ.ಕಾಂ. ಪಾಸು ಮಾಡಿ, ಬ್ಯಾಂಕಿನ ಪರೀಕ್ಷೆ ಬರೆದು, ಕ್ಲರ್ಕ್ ಆಗಿ ಸೇರಿ, ಆಫೀಸರ್ ಆದವಳಿಗೆ ಹಾಲು ಬಿಡುವುದು ಅದೇನು ಮಹಾ ಕೆಲಸ? ನಾನು ಹೊರಟಿದ್ದೇ ಹೀಗೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಜೀವ ನಾನೇ. ಈ ಸಂಗತಿಯನ್ನು ಸಂದರ್ಭ ಇದ್ದಾಗಲೂ ಇಲ್ಲದಾಗಲೂ ಹೇಳುತ್ತಿರುತ್ತೇನೆ. ಇಲ್ಲಿಯೂ ಹೇಳಿಬಿಟ್ಟೆ, ಮನಸ್ಸು ಹಗುರಾಯಿತು.

ಆಗ ನಾವು ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿದ್ದೆವು. ವರ್ಗವಾಗಿ ಬಂದ ಗದಗಿನ ಕಡೆಯವರು. ಮಾಂಸ, ಮೊಟ್ಟೆ ನಮ್ಮ ಮನೆಯಲ್ಲಿ ಮೊದಲೇ ಇಲ್ಲ. ಉಳಿದದ್ದು ಹಾಲು, ಮೊಸರು, ಬೆಣ್ಣೆ, ತುಪ್ಪ. ಇವನ್ನು ಹಂತಹಂತವಾಗಿ, ನಿಯಮಾನುಸಾರ, ಯಾರಿಗೂ ತೊಂದರೆಯಾಗದಂತೆ ಬಿಡಲಾಗುವುದು ಎಂದು ಒಂದು ಭಾನುವಾರ ನನ್ನ ಯಜಮಾನರಾದ ವೀರೇಶರ ಮುಂದೆ ಪ್ರಕಟಿಸಿದೆ.

“ಯಾಕ?” ಅಂದರು.

“ಎಮ್ಮಿ ಹಾಲು ಎಮ್ಮಿ ಕರುವಿಂದ್ರೀ. ನಾವ್ಯಾಕ ಕುಡೀಬೇಕು?”

“ಹಂಗಂದ್ರ ಚಹಾ?”

ಆ ಒಂದು ಪ್ರಶ್ನೆಯಲ್ಲಿ ಎಷ್ಟು ನೋವಿತ್ತೆಂದರೆ, ನನ್ನ ವರ್ಗಾವಣೆಯ ಆದೇಶ ಬಂದ ದಿನವೂ ಅವರು ಅಷ್ಟು ಕುಗ್ಗಿರಲಿಲ್ಲ.

ಮೊದಲ ಹಂತ ಚಹಾ. ಶೇಂಗಾ ನೆನೆಹಾಕಿ, ರುಬ್ಬಿ, ಬಟ್ಟೆಯಲ್ಲಿ ಸೋಸಿ ಬೆಳ್ಳನೆಯ ಹಾಲು ತೆಗೆದೆ. ಹುರಿದು ಸಿಪ್ಪೆ ತೆಗೆಯಬೇಕು ಎನ್ನುವುದು ಆಮೇಲೆ ತಿಳಿದ ವಿಷಯ. ವೀರೇಶರು ಒಂದು ಗುಟುಕು ಕುಡಿದು, ಕಪ್ಪನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದರು.

“ರೇಣು, ಇದು ಚಹಾನೋ, ಸಾರೋ? ಒಗ್ಗರಣಿ ಒಂದು ಕಡಿಮಿ ಐತಿ.”

ಎರಡನೆಯ ಹಂತ ಮೊಸರು. ಮೆಣಸಿನಕಾಯಿ ತೊಟ್ಟು ಹಾಕಿದರೆ ಶೇಂಗಾ ಹಾಲೂ ಹೆಪ್ಪಾಗುತ್ತದೆ ಎಂದು ಓದಿದ್ದೆ. ಎಷ್ಟು ತೊಟ್ಟು ಎಂದು ಓದಿರಲಿಲ್ಲ. ಕೈತುಂಬ ಹಾಕಿದೆ. ಬೆಳಗ್ಗೆ ನೋಡಿದರೆ ಮೊಸರು ಗೋಡೆಗೆ ಹಚ್ಚುವ ಪುಟ್ಟಿಯಂತೆ ಗಟ್ಟಿಯಾಗಿ ಕೂತಿತ್ತು. ಚಮಚ ನೆಟ್ಟಗೆ ನಿಂತಿತು! ತಿಂದರೆ ಖಾರ! ಮೊಸರು ತಿಂದು ನೀರು ಕುಡಿದ ಮೊದಲ ಮನುಷ್ಯರು ನಾವೇ ಇರಬೇಕು.

ಮನೆಯದು ಹಾಗಿರಲಿ, ಬ್ಯಾಂಕಿನದು ಬೇರೆಯೇ ಪಾಡು. ತೆಲುಗರ ಊಟ ಮೊಸರನ್ನದಿಂದಲೇ ಮುಗಿಯಬೇಕು. ಮುಗಿಯದಿದ್ದರೆ ಅದು ಊಟವಲ್ಲ, ಅರ್ಜಿ ಬಾಕಿ ಇದ್ದಂತೆ. ಪಕ್ಕದ ಕೌಂಟರಿನ ಪದ್ಮಾವತಿಗಾರು ದಿನವೂ ತಮ್ಮ ಮೊಸರಿನ ಡಬ್ಬಿಯನ್ನು ನನ್ನ ತಟ್ಟೆಯ ಮೇಲೆ ಬಗ್ಗಿಸುವರು.

“ಪೆರುಗು ವೇಸುಕೋಂಡಿ.”

“ವದ್ದಂಡಿ,” ಎಂದು ನಾನು ಕೈ ಅಡ್ಡ ಹಿಡಿಯುವೆ.

“ಕೊಂಚೆಂ!”

ಹೀಗೆ ವಾರವಿಡೀ ಬೇಡ ಅಂದ ಮೇಲೆ ಅವರು ನನ್ನನ್ನು ಫೈಲುಗಳ ಕಪಾಟಿನ ಹಿಂದೆ ಕರೆದುಕೊಂಡು ಹೋಗಿ, ಮನೆಯಲ್ಲಿ ಯಜಮಾನರ ಜೊತೆ ಏನಾದರೂ ಜಗಳವೇ, ತವರಿನಲ್ಲಿ ಏನಾದರೂ ಕೆಟ್ಟ ಸುದ್ದಿಯೇ ಎಂದು ಪಿಸುಮಾತಿನಲ್ಲಿ ವಿಚಾರಿಸಿದರು. ಮೊಸರು ಒಲ್ಲೆ ಅನ್ನಲು ಮೂರನೆಯ ಕಾರಣ ಅವರಿಗೆ ಹೊಳೆಯಲಿಲ್ಲ.

ಆದರೂ ಹೇಳಬೇಕು, ಕೆಲಸ ಸಾಗಿತು. ಆಂಧ್ರದ ಅಡುಗೆಯಲ್ಲಿ ಹಾಲಿನ ಹಂಗಿಲ್ಲದ ಪದಾರ್ಥ ಬೇಕಾದಷ್ಟಿವೆ. ಇವರ ಗೋಂಗೂರ ಅಂದರೆ ನಮ್ಮ ಪುಂಡಿಪಲ್ಲೆಯೇ. ಪಪ್ಪು, ಪುಳಿಹೋರ, ತರಾವರಿ ಪಚ್ಚಡಿ! ಶೇಂಗಾ ಹುರಿಯುವುದನ್ನು ಕಲಿತೆ, ತೊಟ್ಟಿನ ಲೆಕ್ಕ ಕಲಿತೆ. ಊಟವಾದ ಮೇಲೆ ಹೊಟ್ಟೆ ಹಗುರವಾಗಿರುತ್ತಿತ್ತು. ವೀರೇಶರು ಕೂಡ ಒಂದು ದಿನ ಕರಿ ಚಹಾಕ್ಕೆ ನಿಂಬೆಹಣ್ಣು ಹಿಂಡಿಕೊಂಡು, “ಅಡ್ಡಿ ಇಲ್ಲ,” ಅಂದರು. ನಮ್ಮ ಕಡೆಯ ಗಂಡಸಿನ ಬಾಯಲ್ಲಿ ಅಡ್ಡಿ ಇಲ್ಲ ಅಂದರೆ ಅದು ಚಿನ್ನದ ಪದಕ. ಪ್ರಸಾದ, ಮದುವೆ ಮನೆ, ರೈಲು ಪ್ರಯಾಣ ಇವಿಷ್ಟಕ್ಕೆ ವಿನಾಯಿತಿ ಇಟ್ಟುಕೊಂಡಿದ್ದೆ. ಹಾಗಾಗಿ ನಾನು ಪೂರ್ಣ ಅಲ್ಲ, ಬಹುಪಾಲು.

ತೊಡಕಾಗಿ ಉಳಿದವಳು ಒಬ್ಬಳೇ. ನಮ್ಮವ್ವ.

ಅವ್ವ ಎಮ್ಮೆ ಕಟ್ಟಿ, ಮನೆಮನೆಗೆ ಹಾಲು ಹಾಕಿ ನನ್ನನ್ನು ಓದಿಸಿದವಳು. ನನ್ನ ಪದವಿ ಪ್ರಮಾಣಪತ್ರದಲ್ಲಿ ಯಾರ ಸಹಿ ಇದ್ದರೂ ನಿಜವಾದ ಸಹಿ ನಮ್ಮ ಎಮ್ಮೆಗಳದ್ದು. ಅಂಥವಳಿಗೆ, “ಅವ್ವಾ, ನಾನು ಹಾಲು ಬಿಟ್ಟೆ,” ಎಂದು ಹೇಗೆ ಹೇಳುವುದು? ನೀನು ಮಾಡಿದ್ದು ತಪ್ಪು ಅಂದ ಹಾಗಾಗುವುದಿಲ್ಲವೇ? ಅವಳು ಸಂಜೆ ಫೋನಿನಲ್ಲಿ, “ಹಾಲು ಗೀಲು ಕುಡಿಯಾಕತ್ತಿ ಇಲ್ಲೋ?” ಎಂದು ಕೇಳಿದಾಗಲೆಲ್ಲ ನಾನು “ಹೂಂ” ಅನ್ನುತ್ತಿದ್ದೆ. ಶೇಂಗಾದ್ದೂ ಹಾಲೇ ತಾನೆ!

ಅಷ್ಟರಲ್ಲಿ ವಿಜಯವಾಡಕ್ಕೆ ವರ್ಗವಾಯಿತು. ಬಾಡಿಗೆ ಮನೆ ಸಿಕ್ಕಿತು. ಬಾಲ್ಕನಿಯ ಕಂಬಿ ಹಿಡಿದು ಕತ್ತು ಹೊರಳಿಸಿದರೆ ದುರ್ಗಮ್ಮನ ಗುಡಿಯಿರುವ ಇಂದ್ರಕೀಲಾದ್ರಿ ಬೆಟ್ಟ ಕಾಣುತ್ತದೆ. ಕೆಳಗಿನ ಮನೆಯಲ್ಲಿ ಮಾಲಕಿ ಸರಸ್ವತಮ್ಮಗಾರು. ಅವರದು ಒಂದೇ ಷರತ್ತು. ಸಾಮಾನು ಒಳಗೆ ಬರುವ ಮೊದಲು ಒಳ್ಳೆಯ ದಿನ ನೋಡಿ ಒಲೆಯ ಮೇಲೆ ಹಾಲು ಉಕ್ಕಿಸಬೇಕು. ಅವರೇ ಬಂದು ಕೂತಿರುತ್ತಾರೆ. ಉಕ್ಕಿದ ಹಾಲಿನಲ್ಲೇ ಪಾಯಸ ಮಾಡಿ ಎಲ್ಲರಿಗೂ ಕೊಡಬೇಕು. ನಮ್ಮಲ್ಲೂ ಅದೇ ಪದ್ಧತಿ, ಒಪ್ಪಿಕೊಂಡೆ. ಸುದ್ದಿ ಕೇಳಿದ ಅವ್ವ ಹಿತ್ತಾಳೆಯ ಪಾತ್ರೆಯೊಂದನ್ನು ಮಡಿಲಲ್ಲಿಟ್ಟುಕೊಂಡು ಗದಗಿನಿಂದ ರೈಲು ಹತ್ತಿ ಬಂದೇಬಿಟ್ಟಳು.

ಇಲ್ಲಿ ನನ್ನ ಓದು ಕೆಲಸ ಮಾಡಿತು. ಹೊಸ ಮನೆ ಎಂದರೆ ಹೊಸ ಖಾತೆ. ಆರಂಭದ ಶಿಲ್ಕಿನಲ್ಲೇ ತಪ್ಪಿದ್ದರೆ ಮುಂದಿನ ಲೆಕ್ಕವೆಲ್ಲ ತಪ್ಪು! ಆದ್ದರಿಂದ ಉಕ್ಕಿಸುವುದೂ ಸಸ್ಯದ ಹಾಲೇ ಆಗತಕ್ಕದ್ದು ಎಂದು ತೀರ್ಮಾನಿಸಿದೆ. ಶೇಂಗಾ ಹಾಲಿಗೆ ವಾಸನೆ ಇರುತ್ತದೆ, ಅವ್ವ ಹಿಡಿದುಬಿಡುತ್ತಾಳೆ. ತೆಂಗಿನ ಹಾಲಾದರೆ ಮಲ್ಲಿಗೆಯಂತೆ ಬೆಳ್ಳಗೆ.

“ಒಂದಿನ ಎಮ್ಮಿ ಹಾಲು ಉಕ್ಕಸಿದ್ರ ಏನ್ ಗಂಟು ಹೋಗತೈತಿ ನಿಂದು?” ಎಂದು ವೀರೇಶರು ಗೊಣಗಿದರು.

“ತತ್ವ ಅಂತ ಒಂದು ಇರತೈತ್ರೀ.”

“ತತ್ವ ಉಕ್ಕತೈತೇನು?”

ಉಕ್ಕುವುದಿಲ್ಲ. ತೆಂಗಿನ ಹಾಲೂ ಉಕ್ಕುವುದಿಲ್ಲ. ಇದು ಕರಾವಳಿಯ ಯಾವ ಮನೆಯಲ್ಲಿ ಕೇಳಿದ್ದರೂ ಹೇಳುತ್ತಿದ್ದರು. ನಾವು ಜೋಳದ ಸೀಮೆಯವರು, ನಮ್ಮಲ್ಲಿ ತೆಂಗಿನಕಾಯಿ ಇರುವುದು ದೇವರಿಗೆ ಒಡೆಯಲಿಕ್ಕೆ. ಅದರ ಹಾಲು ತೆಗೆದು ಅಡುಗೆ ಮಾಡಿ ಗೊತ್ತಿಲ್ಲ.

ಶುಭ ಮುಹೂರ್ತ ಬಂತು. ಖಾಲಿ ಅಡುಗೆಮನೆ, ಹೊಸ ಒಲೆ, ಅರಿಸಿನ ಕುಂಕುಮ ಹಚ್ಚಿದ ಹಿತ್ತಾಳೆ ಪಾತ್ರೆ. ಅವ್ವ ಮತ್ತು ರೇಷ್ಮೆ ಸೀರೆಯ ಸರಸ್ವತಮ್ಮಗಾರು ಹೊರಗಿನ ಕೋಣೆಯಲ್ಲಿ ಚಾಪೆಯ ಮೇಲೆ ಕೂತಿದ್ದರು. ಒಬ್ಬರದು ಕನ್ನಡ, ಒಬ್ಬರದು ತೆಲುಗು. ಅರ್ಥವಾಗದಿದ್ದರೂ ಇಬ್ಬರೂ ಸೊಂಟ ನೋವಿನ ಬಗ್ಗೆ ಮಾತಾಡುತ್ತಿದ್ದಾರೆಂದು ಕೈಸನ್ನೆಯಿಂದಲೇ ತಿಳಿಯುತ್ತಿತ್ತು.

ನಾನು ಪಾತ್ರೆಗೆ ತೆಂಗಿನ ಹಾಲು ಹೊಯ್ದು, ಒಲೆ ಹಚ್ಚಿ, ಕೈಮುಗಿದು ನಿಂತೆ.

ಹಾಲು ಬಿಸಿಯಾಯಿತು. ಸುತ್ತ ಸಣ್ಣ ಗುಳ್ಳೆ ಬಂತು. ಇನ್ನೇನು ಏಳುತ್ತದೆ ಎಂದುಕೊಂಡೆ. ಏಳಲಿಲ್ಲ. ಕೂತಿತು. ಆಮೇಲೆ ನಿಧಾನವಾಗಿ ಒಡೆಯಿತು! ಕೆಳಗೆ ನೀರು, ನಡುವೆ ತರಿತರಿ, ಮೇಲೆ ಎಣ್ಣೆ.

“ಪಾಲು ಪೊಂಗಾಯಾ ಅಂಡಿ?” ಹಾಲು ಉಕ್ಕಿದವೇ ಎಂದು ಹೊರಗಿನಿಂದ ಸರಸ್ವತಮ್ಮಗಾರು ಕೇಳಿದರು.

“ವಸ್ತುನ್ನಾಯಂಡಿ!” ಬರುತ್ತಿವೆ ಅಂದೆ. ಯಾವ ಊರಿನಿಂದ ಎಂದು ಹೇಳಲಿಲ್ಲ.

ಉರಿ ಜೋರು ಮಾಡಿದೆ. ಇನ್ನಷ್ಟು ಎಣ್ಣೆ ಬಿಟ್ಟಿತು. ನೀರು ಹೊಯ್ದೆ. ಇದ್ದ ಗುಳ್ಳೆಯೂ ಸತ್ತಿತು. ಹಾಲು ಉಕ್ಕಲಿಲ್ಲ ಎಂದರೆ ಅಪಶಕುನ. ಒಡೆದರೆ ಕೇಳಲೇಬೇಡಿ. ಲಾರಿ ಕೆಳಗೆ ಸಾಮಾನು ಹೊತ್ತು ನಿಂತಿದೆ. ಅದಕ್ಕಿಂತ ಹೆಚ್ಚಾಗಿ, ಅವ್ವ ಎದ್ದು ಒಳಗೆ ಬಂದರೆ?

ಆಗ ನನ್ನ ಕಣ್ಣು ಪಕ್ಕದಲ್ಲಿ ನಿಂತಿದ್ದ ವೀರೇಶರ ಅಂಗಿಯ ಜೇಬಿನ ಮೇಲೆ ಬಿತ್ತು. ಅವರಿಗೆ ಗ್ಯಾಸಿನ ತೊಂದರೆ. ಹೊಟ್ಟೆಯುಬ್ಬರಕ್ಕೆ ನೀರಿಗೆ ಹಾಕಿಕೊಂಡು ಕುಡಿಯುವ, ಬುಸ್ಸೆಂದು ನೊರೆಯೇಳುವ ಪುಡಿಯ ಪೊಟ್ಟಣಗಳು ಸದಾ ಜೇಬಿನಲ್ಲಿರುತ್ತವೆ.

“ರೀ, ಅದನ್ನ ಕೊಡ್ರಿ.”

“ಏ ರೇಣು, ಬ್ಯಾಡ—”

ಹರಿದು ಸುರಿದೆ. ಒಂದಲ್ಲ, ಇದ್ದಷ್ಟೂ!

ಮುಂದಿನದನ್ನು ಹೇಗೆ ವರ್ಣಿಸಲಿ? ಪಾತ್ರೆಯೊಳಗಿಂದ ಬುಸ್ಸ್ ಎಂದು ಬಿಳಿ ನೊರೆ ಎದ್ದಿತು. ಪೂರ್ವಕ್ಕೆ ಉಕ್ಕಿದರೆ ಒಳ್ಳೆಯದಂತೆ. ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಒಂದನ್ನೂ ಬಿಡದೆ ಉಕ್ಕಿತು. ಒಲೆ ಆರಿತು. ಕಟ್ಟೆ ತೋಯ್ದಿತು. ನೊರೆ ಕಟ್ಟೆಯಿಂದಿಳಿದು ವೀರೇಶರ ಕಾಲಿಗೆ ಬಂತು.

ಸದ್ದಿಗೆ ಓಡಿಬಂದ ಸರಸ್ವತಮ್ಮಗಾರು ಎರಡೂ ಕೈ ಎತ್ತಿ ಮುಗಿದರು. “ಅಮ್ಮಾ ದುರ್ಗಮ್ಮ ತಲ್ಲಿ!” ಎಷ್ಟೋ ಬಾಡಿಗೆದಾರರನ್ನು ಕಂಡವರು ಅವರು. ಹಾಲು ಇಷ್ಟು ಭಕ್ತಿಯಿಂದ ಉಕ್ಕಿದ್ದನ್ನು ಜನ್ಮದಲ್ಲಿ ನೋಡಿಲ್ಲ ಅಂದರು. ನಾನು ವಿನಯದಿಂದ ತಲೆ ತಗ್ಗಿಸಿದೆ.

ತಗ್ಗಿಸಿದ್ದೇ ತಪ್ಪು. ಅವರು ಪಾಯಸದ ತನಕ ಕಾಯಲಿಲ್ಲ. “ಇಂಥ ಹಾಲು ಹಾಗೇ ತೀರ್ಥ!” ಎಂದು ಚಮಚ ಮುಳುಗಿಸಿ ಬಾಯಿಗೆ ಹಾಕಿಕೊಂಡರು.

ಅವರ ಹುಬ್ಬು ಮೇಲೇರಿತು. ಗಂಟಲು ಅಲುಗಿತು. ಎದೆಯ ಮೇಲೆ ಕೈಯಿಟ್ಟುಕೊಂಡರು. ನಾನು ಮನಸ್ಸಿನಲ್ಲೇ ಲಾರಿಯನ್ನು ವಾಪಸು ವಿಶಾಖಪಟ್ಟಣಕ್ಕೆ ತಿರುಗಿಸಿದೆ. ಆಗ ಸರಸ್ವತಮ್ಮಗಾರು ಒಂದು ತೇಗು ತೇಗಿದರು. ಅದು ಸಣ್ಣ ತೇಗಲ್ಲ. ದೀರ್ಘವಾದ, ತೃಪ್ತಿಯ, ಖಾಲಿ ಮನೆಯಲ್ಲಿ ಪ್ರತಿಧ್ವನಿಸಿದ ತೇಗು. ಮೊನ್ನೆ ಗನ್ನವರಂನಲ್ಲಿ ಉಂಡ ಮದುವೆ ಊಟ ಎದೆಯಲ್ಲೇ ಕೂತಿತ್ತಂತೆ, ಈಗ ಇಳಿಯಿತಂತೆ. ಈ ಮನೆಗೆ ಅಮ್ಮನವರ ಕೃಪೆಯಾಯಿತು, ಸಾಮಾನು ತನ್ನಿ ಎಂದು ಹೇಳಿ, ಇನ್ನೊಂದು ಚಮಚ ಕುಡಿದು, ಇಳಿದು ಹೋದರು.

ನಾನು ಉಸಿರು ಬಿಟ್ಟು ತಿರುಗಿದೆ. ಅವ್ವ ಪಾತ್ರೆಯೊಳಗೆ ಇಣುಕುತ್ತಿದ್ದಳು. ಜೀವಮಾನವೆಲ್ಲ ಹಾಲು ಕರೆದವಳು. ಬೆರಳು ಅದ್ದಿದಳು, ಉಜ್ಜಿದಳು, ಮೂಸಿದಳು.

“ಇದು ಯಾವ ಎಮ್ಮೀದವಾ?”

ವೀರೇಶರು ಲಾರಿ ನೋಡಿ ಬರುತ್ತೇನೆಂದು ಹೊರಟೇ ಹೋದರು. ಗಂಡಸರಿಗೆ ಇಂಥ ಹೊತ್ತಿನಲ್ಲಿ ಲಾರಿ ಇರುತ್ತದೆ.

ಎಲ್ಲವನ್ನೂ ಹೇಳಿದೆ. ಶೇಂಗಾ, ತೊಟ್ಟು, ಫೋನಿನ “ಹೂಂ”, ತೆಂಗು, ಗ್ಯಾಸಿನ ಪುಡಿ. ಅವ್ವ ಒದ್ದೆಯಾಗದ ಒಂದು ಮೂಲೆ ಹುಡುಕಿ ಕೂತಳು.

“ನಾ ಹಾಲು ಮಾರಿ ಪಾಪ ಮಾಡೀನಿ ಅಂತ ನಿನಗ ಅನಸ್ತೇನು?”

ನಾನು ಹೆದರಿದ್ದ ಪ್ರಶ್ನೆ ಅದೊಂದೇ. ಬ್ಯಾಂಕಿನ ಯಾವ ಇಂಟರ್‌ವ್ಯೂನಲ್ಲೂ ಅಷ್ಟು ಕಷ್ಟದ್ದು ಕೇಳಿರಲಿಲ್ಲ.

“ಇಲ್ಲವ್ವಾ. ಆ ಹಾಲಿಂದನ ನಾ ಇಲ್ಲಿ ನಿಂತೀನಿ. ಈಗ ನನಗ ಬ್ಯಾರೆ ಉಣ್ಣಾಕ ಸಿಗತೈತಿ. ಅದಕ್ಕ ಕರುವಿಂದು ಕರುವಿಗಿ ಬಿಡೋಣು ಅನಸ್ತು. ಅಷ್ಟ.”

ಅವ್ವ ನನ್ನನ್ನೇ ನೋಡಿದಳು. ಆಮೇಲೆ ಅವಳ ಭುಜ ಅಲುಗಿತು. ಅಳುತ್ತಿದ್ದಾಳೆಂದುಕೊಂಡು ಹತ್ತಿರ ಹೋದೆ. ನಗುತ್ತಿದ್ದಳು!

“ಹುಚ್ಚೀ! ಹಾಲು ಬಿಟ್ಟಾಳಂತ. ನೀ ಹಾಲು ಕುಡದಿದ್ದಾದ್ರೂ ಯಾವಾಗ? ಹನಿ ಹನಿ ಮಾರಾಕ ಹೋಗತಿತ್ತು. ನೀನು ರೊಟ್ಟಿ, ಶೇಂಗಾಚಟ್ನಿ, ಪುಂಡಿಪಲ್ಲೆ ತಿಂದು ಬೆಳದಾಕಿ. ಹಬ್ಬಕ್ಕೊಮ್ಮಿ ಮಜ್ಜಿಗಿ ಕಂಡಿದ್ರ ಹೆಚ್ಚು.”

ನಾನು ಗೋಡೆಗೆ ಒರಗಿದೆ. ಹೌದಲ್ಲ! ಇಷ್ಟು ಹಂತ, ಇಷ್ಟು ವಿನಾಯಿತಿ, ಇಷ್ಟು ಭಾಷಣ ಎಲ್ಲ ಮಾಡಿ ನಾನು ತಲುಪಿದ್ದು ನಮ್ಮೂರಿನ ಒಲೆಯ ಮುಂದಕ್ಕೇ!

“ನಂದೂ ಹಂಗ,” ಎಂದು ಅವ್ವ ಮುಂದುವರಿಸಿದಳು. “ಮಾರೂತನಕ ನಾನೂ ಕುಡೀಲಿಲ್ಲ. ಈಗ ಎಮ್ಮಿ ಇಲ್ಲ, ನೀ ಕಳಸೂ ರೊಕ್ಕದಾಗ ಮೊಸರು ಕೊಂಡು ತಿಂತೀನಿ. ನೀ ಬಿಡೋದಾದ್ರ ಬಿಡು. ನನ್ನ ಮೊಸರಿಗೆ ಮಾತ್ರ ಕೈ ಹಚ್ಚಬ್ಯಾಡ, ಹೇಳೀನಿ!”

ಹಚ್ಚಲಿಲ್ಲ. ಅವ್ವ ಇದ್ದಷ್ಟು ದಿನ ಫ್ರಿಜ್ಜಿನಲ್ಲಿ ಅವಳ ಮೊಸರು ಒಂದು ಕಡೆ, ನನ್ನ ಶೇಂಗಾ ಮೊಸರು ಒಂದು ಕಡೆ ಶಾಂತಿಯಿಂದ ಬಾಳಿದವು. ಒಂದು ಸಂಜೆ ಅವಳು ತಾನಾಗಿ ನನ್ನದನ್ನು ರೊಟ್ಟಿಯ ಮೇಲೆ ಹಾಕಿಕೊಂಡು ತಿಂದು, “ಉಪ್ಪು ಹಾಕಿದ್ರ ನಡೀತೈತಿ,” ಅಂದಳು. ನಾನು ಒಳಗೊಳಗೇ ಹಿಗ್ಗಿದೆ. ಒಬ್ಬ ಹಾಲಿನವಳನ್ನೇ ಗೆದ್ದೆನಲ್ಲ! ನನ್ನ ಓದು, ನನ್ನ ವಾದ, ನನ್ನ ನಿಷ್ಠೆ!

ಆ ಹಿಗ್ಗಿನಲ್ಲೇ ಒಂದು ದಿನ ಬ್ಯಾಂಕಿನಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಅವ್ವ ಬಾಲ್ಕನಿಯಲ್ಲಿ ನಿಂತು ಊರಿನ ಪಕ್ಕದ ಮನೆಯ ಶಿವವ್ವನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ನನ್ನ ಹೆಸರು ಕೇಳಿ ಕಿವಿ ನಿಮಿರಿತು.

“ಹೌದವಾ, ರೇಣುಕಾ ಹಾಲು ಬಿಟ್ಟಾಳ... ಇಲ್ಲಬಿಡ, ಡಾಕ್ಟರ್ ಹೇಳಿಲ್ಲ... ಏನೂ ಆಗಿಲ್ಲವಾ, ಚಲೋ ಅದಾಳ... ಏ, ಅದಕ್ಯಾಕ ಚಿಂತಿ ಮಾಡತಿ? ಭಾಳ ಓದಿದವರಿಗೆ ಹಂಗ ಆಗತೈತಿ. ತಾನಾ ಕಡಿಮಿ ಆಗತೈತಿ ತಗೋ.”