ಬಾಲಿಯ ಕಂಚಿಗೆ ಜೆಪ್ಪುವಿನ ಅರ

ಬೆನೆಡಿಕ್ಟನಿಗೆ ದೇವರು ಕೊಟ್ಟಿದ್ದ ಒಂದೇ ಆಸ್ತಿ ಅವನ ಕಿವಿ. ಅವತ್ತಿನ ಅನಾಹುತಕ್ಕೆಲ್ಲ ಅದೇ ಕಾರಣವಾಯಿತು.

ಹಾರ್ಮೋನಿಯಂಗಳ ಶ್ರುತಿ ಸರಿಮಾಡುವುದು ಅವನ ಕಸುಬು. ತನ್ನ ಊರಾದ ಜೆಪ್ಪುವಿನಲ್ಲಿ ಯಾರ ಮನೆಯ ಸ್ವರ ಕೂದಲೆಳೆಯಷ್ಟು ಇಳಿದಿದ್ದರೂ ಬೀದಿಯಲ್ಲಿ ನಿಂತೇ ಹೇಳಿಬಿಡುತ್ತಿದ್ದ. ಆದರೆ ಬರೀ ಕಿವಿ ಇಟ್ಟುಕೊಂಡು ಹೊಟ್ಟೆ ತುಂಬುತ್ತದೆಯೇ? ಶಾಲೆಯ ಸಂಗೀತ ಮಾಸ್ಟರರ ಹುದ್ದೆಗೆ ಮೂರು ವರ್ಷದಿಂದ ಅರ್ಜಿ ಹಾಕುತ್ತಿದ್ದ. ಶಾಲೆ ನಡೆಸುವ ಫಾದರ್ ಮಾತ್ರ ‘ನೋಡುವ’ ಎನ್ನುವುದನ್ನು ಬಿಟ್ಟು ಬೇರೇನೂ ಹೇಳಿರಲಿಲ್ಲ.

ಅದು ಐವತ್ತೊಂಬತ್ತನೇ ಇಸವಿ. ಬಂದರಿನ ಲವಂಗದ ವ್ಯಾಪಾರಿ ಉಮರಬ್ಬ, ತಾವು ವ್ಯಾಪಾರಕ್ಕೆ ಹೋಗುತ್ತಿದ್ದ ದ್ವೀಪಗಳ ಕಡೆಯಿಂದ ಕೆತುತ್ ಎಂಬ ಬಾಲಿಯ ಗುರುವನ್ನು ಕರೆಸಿಕೊಂಡಿದ್ದರು. ಜೊತೆಗೆ ಹಡಗಿನಲ್ಲಿ ಅವರ ಗಾಮೆಲಾನ್ ವಾದ್ಯಗಳೂ ಬಂದಿದ್ದವು: ಮರದ ಪೆಟ್ಟಿಗೆಯ ಮೇಲೆ ಸಾಲಾಗಿ ಕಟ್ಟಿದ ಕಂಚಿನ ಪಟ್ಟಿಗಳು, ಬಾರಿಸಲು ಸುತ್ತಿಗೆ. ಮೂರು ತಿಂಗಳು ಗೋದಾಮಿನಲ್ಲೇ ಪಾಠ ನಡೆದು, ಅವತ್ತು ಸಂಜೆ ಅಲ್ಲೇ ಮೊದಲ ಕಛೇರಿ. ಮುಂದಿನ ಸಾಲಿನಲ್ಲಿ ಫಾದರ್ ಕೂರುವವರಿದ್ದರು. ವಾದ್ಯಗಳನ್ನು ಒರೆಸಿ ವೇದಿಕೆಯ ಮೇಲೆ ಜೋಡಿಸುವ ಕೆಲಸ ಅವತ್ತಿನ ಮಟ್ಟಿಗೆ ಬೆನೆಡಿಕ್ಟನಿಗೆ ಸಿಕ್ಕಿತ್ತು.

ಬೆಳಿಗ್ಗೆ ಗುರು ಕಡಲಿಗೆ ಹೂ ಬಿಡಲೆಂದು ದೋಣಿ ಹತ್ತಿ ಹೊಳೆಯಾಚೆಯ ಬೆಂಗ್ರೆಗೆ ಹೋಗಿದ್ದರು. ಬೆಂಗ್ರೆಯವನೇ ಆದ ಶಿಷ್ಯ ವಾಸು, ತೋರಿಸುವ ಉಮೇದಿನಲ್ಲಿ, ಒಂದು ಜೋಡಿ ವಾದ್ಯಗಳ ಮೇಲೆ ಒಂದೇ ಸ್ವರ ಬಾರಿಸಿದ. ಬೆನೆಡಿಕ್ಟನಿಗೆ ಹಲ್ಲು ಜುಮ್ಮೆಂದಿತು.

“ಇದೆಂತ ಮಾರಾಯ? ಒಂದು ಮೇಲೆ ಉಂಟು, ಒಂದು ಕೆಳಗೆ ಉಂಟು.”

“ನಮಗೂ ಹಾಗೇ ಕೇಳ್ತದೆ ಪೊರ್ಬುಗಳೇ,” ಎಂದ ವಾಸು, ಊರವರು ಕ್ರೈಸ್ತರನ್ನು ಮರ್ಯಾದೆಯಿಂದ ಕರೆಯುವ ಹಾಗೆ. “ಗುರುಗಳು ಬಾಯಿಬಿಟ್ಟು ಎಂತದೂ ಹೇಳುದಿಲ್ಲ, ಬಾರಿಸಿ ತೋರಿಸ್ತಾರೆ ಅಷ್ಟೆ. ಹಡಗಿನಲ್ಲಿ ಉಪ್ಪುಗಾಳಿ ತಾಗಿರ್ಬೇಕು. ಲಂಗರಿಗೇ ತುಕ್ಕು ಹಿಡೀತದೆ, ಇದು ಯಾವ ಲೆಕ್ಕ?”

ಸಂಜೆ ಫಾದರ್ ಇದನ್ನು ಕೇಳಿ, ‘ಬೆನೆಡಿಕ್ಟ್ ಇದ್ದೂ ಈ ಅವಸ್ಥೆಯಾ?’ ಎಂದರೆ? ಬೆನೆಡಿಕ್ಟ್ ಚೀಲದಿಂದ ಲೋಹ ಉಜ್ಜುವ ಅರ ತೆಗೆದ. ಪಟ್ಟಿಯ ತುದಿ ಉಜ್ಜಿದರೆ ಸ್ವರ ಏರುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಏಳು ಗಂಟೆಗೆ ಕೂತವನು ಹನ್ನೊಂದಕ್ಕೆ ಎದ್ದ. ಇಳಿದಿದ್ದ ಇಪ್ಪತ್ತು ಪಟ್ಟಿಗಳೂ ತಮ್ಮ ತಮ್ಮ ಜೋಡಿಯೊಂದಿಗೆ ಕೂಡಿಕೊಂಡಿದ್ದವು.

ಗಂಜಿ ತಂದ ಹೆಂಡತಿ ಫ್ಲಾವಿಯಾ ಅವನ ಮೈಮೇಲಿನ ಕಂಚಿನ ಪುಡಿ ಕೊಡವಿದಳು. “ಸಂಜೆ ಫಾದರ್ ಎದುರು ನೆಟ್ಟಗೆ ನಿಂತು ಕೇಳಿ. ಈ ಸಲವೂ ಸಿಗದಿದ್ರೆ ನಾನು ಅಮ್ಮನ ಮನೆಗೆ ಯಾವ ಮುಖ ಹೊತ್ತು ಹೋಗ್ಲಿ?”

ಮಧ್ಯಾಹ್ನ ಗುರು ಬಂದು ಒಂದು ಜೋಡಿ ಬಾರಿಸಿದರು. ಮುಖದ ನಗು ಮಾಯವಾಯಿತು. ಇನ್ನೊಮ್ಮೆ ಬಾರಿಸಿದರು. ಆಮೇಲೆ ಸುತ್ತಿಗೆ ಕೆಳಗಿಟ್ಟು, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ ಕಂಚಿನ ಮೇಲೆ ಅಂಗೈ ಇಟ್ಟು ಮೆಲ್ಲಗೆ ಏನೋ ಕೇಳಿದರು.

ಅವರ ಭಾಷೆ ಬಲ್ಲ ಉಮರಬ್ಬ ಕನ್ನಡಕ್ಕೆ ತಂದರು. “ಇದರ ಜೀವ ತೆಗ್ದದ್ದು ಯಾರು ಅಂತ ಕೇಳ್ತಾರೆ. ಜೋಡಿಯಲ್ಲಿ ಒಂದು ಗಂಡಂತೆ, ಒಂದು ಹೆಣ್ಣಂತೆ. ನಡುವೆ ಸ್ವಲ್ಪ ಅಂತರ ಇರ್ಲೇಬೇಕಂತೆ. ಆ ಅಂತರದಲ್ಲೇ ನಾದ ನಡುಗಿ ಅಲೆ ಏಳುದಂತೆ.” ಮತ್ತೆ ಬೆನೆಡಿಕ್ಟನ ಕಡೆ ತಿರುಗಿ, “ನನಗೂ ನಬೀಸಾಗೂ ಮದುವೆಯಾಗಿ ಇಪ್ಪತ್ತು ವರ್ಷ ಆಯ್ತು, ಇನ್ನೂ ಶ್ರುತಿ ಸೇರ್ಲಿಲ್ಲ. ಅಲ್ಲಿಗೂ ಬಂದು ಅರ ಹಾಕ್ತೀರಾ ಪೊರ್ಬುಗಳೇ?” ಎಂದರು.

ಬೆನೆಡಿಕ್ಟ್ ಚೀಲದಿಂದ ಅರ ತೆಗೆದು ಗುರುವಿನ ಮುಂದಿಟ್ಟ. ಗುರು ಬೈಯಲಿಲ್ಲ, ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವರು ಪಕ್ಕದಲ್ಲಿ ಕೂತು ಅದೇ ಅರವನ್ನು ಅವನ ಕೈಗೆ ಕೊಟ್ಟರು. ಈಗ ಪಟ್ಟಿಯ ಅಡಿಯಲ್ಲಿ ನಡುಭಾಗ ಉಜ್ಜಿ ಸ್ವರ ಇಳಿಸಬೇಕು. ಜನ್ಮವೆಲ್ಲ ಸ್ವರ ಸೇರಿಸಿದ ಕೈ, ತಪ್ಪಿಸು ಎಂದರೆ ಕೇಳುತ್ತದೆಯೇ? ನಾಲ್ಕು ಸಲ ಉಜ್ಜಿ ಸುಮ್ಮನೆ ಕೂತುಬಿಡುತ್ತಿತ್ತು.

ವಾಸು ಹತ್ತಿರ ಬಂದ. “ಅಳಿವೆಯಲ್ಲಿ ಹೊಳೆನೀರು ಕಡಲನೀರು ಸೇರುವಲ್ಲಿ ನಡುಗ್ತದಲ್ವಾ, ಅದನ್ನು ನೆನೆಸಿಕೊಳ್ಳಿ.”

ಬೆನೆಡಿಕ್ಟ್ ಕಣ್ಣು ಮುಚ್ಚಿದ. ಉಜ್ಜಿದ, ಬಾರಿಸಿದ, ಮತ್ತೆ ಉಜ್ಜಿದ. ಐದು ಗಂಟೆಯ ಹೊತ್ತಿಗೆ ಇಪ್ಪತ್ತನೆಯ ಪಟ್ಟಿಯೂ ತನ್ನ ಜೋಡಿಯೊಂದಿಗೆ ನಡುಗಿತು. ಗುರು ಅವನ ಬೆನ್ನು ಸವರಿದರು.

ಕಛೇರಿಯಲ್ಲಿ ಆ ಅಲೆ ಸಭೆಯ ತುಂಬ ಹರಿಯಿತು. ಮೂಲೆಯಲ್ಲಿ ನಿಂತಿದ್ದ ಬೆನೆಡಿಕ್ಟನಿಗೆ ಅಳು ಬಂತು. ಇಂಥದ್ದನ್ನು ತಪ್ಪು ಎಂದುಕೊಂಡೆನಲ್ಲ ಎಂದು ನಾಚಿಕೆಯಾಯಿತು, ಕೇಳುವ ಭಾಗ್ಯ ಸಿಕ್ಕಿತಲ್ಲ ಎಂದು ಸಂತೋಷವೂ ಆಯಿತು.

ಜನ ಎದ್ದ ಮೇಲೆ ಫಾದರ್ ವೇದಿಕೆ ಹತ್ತಿದರು. ಮುಖ ಗಂಭೀರವಾಗಿತ್ತು. “ಉಮರಬ್ಬನವರೇ, ಬೆಳಿಗ್ಗೆ ಹನ್ನೊಂದಕ್ಕೆ ಈ ದಾರಿಯಲ್ಲಿ ಹೋಗುವಾಗ ಕಿಟಕಿಯ ಹೊರಗೆ ನಿಂತು ಕೇಳಿದೆ. ಅಷ್ಟು ಶುದ್ಧ ಶ್ರುತಿ ಈ ಊರಲ್ಲಿ ನಾನು ಕೇಳ್ಲಿಲ್ಲ. ಅದನ್ನು ಕೂಡಿಸಿದವ ಯಾರೇ ಇರ್ಲಿ, ನಮ್ಮ ಮಾಸ್ಟರ್ ಅವನೇ ಅಂತ ಆರ್ಡರ್ ಬರೆದು, ಹೆಸರಿನ ಜಾಗ ಖಾಲಿ ಬಿಟ್ಟು ತಂದಿದ್ದೇನೆ. ಆದರೆ ಆಮೇಲೆ ಯಾರೋ ಕೈಹಾಕಿ ಎಲ್ಲ ಹಾಳು ಮಾಡಿದ್ದಾರೆ. ಯಾರದು?”

ಉಮರಬ್ಬ ಇಷ್ಟುದ್ದದ ಮಾತನ್ನು ತರ್ಜುಮೆ ಮಾಡುವ ಗೋಜಿಗೆ ಹೋಗದೆ, ಈ ಸ್ವರ ಕೂರಿಸಿದ್ದು ಯಾರೆಂದು ಕೇಳುತ್ತಿದ್ದಾರೆ ಎಂದಷ್ಟೇ ಗುರುವಿಗೆ ಹೇಳಿದರು. ಗುರುವಿನ ಮುಖ ಅರಳಿತು. ಬೆನೆಡಿಕ್ಟನ ಕೈ ಹಿಡಿದು ಮೇಲೆತ್ತಿ ತೋರಿಸಿದರು.

“ನೀನಾ ಬೆನೆಡಿಕ್ಟ್?” ಫಾದರ್ ಸ್ವರದಲ್ಲಿ ಕೋಪಕ್ಕಿಂತ ನೋವಿತ್ತು.

“ಫಾದರ್, ಬೆಳಿಗ್ಗಿನದ್ದೂ ನಾನೇ.” ಸಾಕ್ಷಿಗೆಂದು ತಿರುಗಿ ನೋಡಿದರೆ, ಉಮರಬ್ಬ ಗುರುವನ್ನು ಕರೆದುಕೊಂಡು ಅತಿಥಿಗಳನ್ನು ಬೀಳ್ಕೊಡಲು ಬಾಗಿಲಿಗೆ ಹೋಗಿದ್ದರು, ವಾಸು ಕೊನೆಯ ದೋಣಿ ತಪ್ಪುತ್ತದೆಂದು ಆಗಲೇ ಓಡಿದ್ದ.

“ಸುಳ್ಳು ಬೇಡ ಮಗಾ. ಆ ಕೈ, ಈ ಕೈ ಒಂದೇ ಆಗ್ಲಿಕ್ಕೆ ಸಾಧ್ಯ ಇಲ್ಲ.” ಫಾದರ್ ಕಾಗದವನ್ನು ಮಡಚಿ ನಿಲುವಂಗಿಯ ಜೇಬಿಗೆ ಹಾಕಿದರು. ಎರಡು ಮೆಟ್ಟಿಲು ಇಳಿದು ತಿರುಗಿ ನಿಂತರು. “ನೀನು ಮನೆಮನೆ ಸುತ್ತುವವ. ಬೆಳಿಗ್ಗಿನ ಆ ಮನುಷ್ಯ ಎಲ್ಲಾದ್ರೂ ಸಿಕ್ಕಿದ್ರೆ ನನ್ನ ಹತ್ರ ಕಳಿಸು.”

“ಆಯ್ತು ಫಾದರ್” ಎಂದ ಬೆನೆಡಿಕ್ಟ್.