ನೀರಿಗೆ ಜಿಗಿಯದ ಬಾದಶಾ

ಯಾವುದೇ ವಿಷಯದಲ್ಲಿ ನನಗೆ ಅಭಿಪ್ರಾಯ ಮೊದಲು ಬರುತ್ತದೆ, ತಿಳಿವಳಿಕೆ ಆಮೇಲಿನ ಬಸ್ಸು ಹಿಡಿದು ಬರುತ್ತದೆ. ಇದನ್ನು ನಾನು ದೋಷವೆಂದು ಭಾವಿಸಿಲ್ಲ. ಮಹಾರಾಷ್ಟ್ರದ ಗಡಿಯೂರು ಉಮರ್ಗಾದಲ್ಲಿ ಅಂಗಡಿ ಇಟ್ಟವನು ಗಿರಾಕಿ ಕೇಳಿದಾಗ ಯೋಚಿಸುತ್ತ ಕೂತರೆ ಗಿರಾಕಿ ಎದುರಿನ ಅಂಗಡಿಗೆ ಹೋಗಿಬಿಡುತ್ತಾನೆ. ನಾನು ಮಾರುವುದು ಪೈಪು, ಹಗ್ಗ, ತಾಡಪತ್ರಿ ಎನ್ನುವ ಟಾರ್ಪಾಲು. ಜೊತೆಗೆ ಮಳೆ, ಮದುವೆ, ಮೊಣಕಾಲು ನೋವು ಎಲ್ಲದರ ಬಗ್ಗೆಯೂ ಖಚಿತ ಅಭಿಪ್ರಾಯವನ್ನು ಪುಕ್ಕಟೆ ಕೊಡುತ್ತ ಬಂದಿದ್ದೇನೆ. ಹೀಗಿರುವಾಗ ನಾಯಿಗಳ ವಿಷಯದಲ್ಲಿ ಹಿಂದೆ ಸರಿಯುವ ಮಾತೇ ಇರಲಿಲ್ಲ.

ಹೋದ ಬೇಸಗೆಯಲ್ಲಿ ನನ್ನ ಹೆಂಡತಿ ಸುಮಿತ್ರಾಳ ತಮ್ಮ ಶಿವರಾಜ ನಿಲಂಗಾದಿಂದ ಬಂದಿದ್ದ. ಊಟವಾದ ಮೇಲೆ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ಯಾವುದೋ ದೇಶದಲ್ಲಿ ನಾಯಿಗಳು ಹಲಗೆಯ ಮೇಲೆ ಓಡಿಬಂದು, ಯಜಮಾನ ಎಸೆದ ಆಟಿಕೆಯ ಹಿಂದೆ ನೀರಿಗೆ ಜಿಗಿಯುತ್ತವೆ. ದೂರ ಜಿಗಿದದ್ದಕ್ಕೆ ಬಹುಮಾನ. ಬಾಲದ ಬುಡ ನೀರು ಮುಟ್ಟಿದ ಜಾಗದವರೆಗೆ ಅಳೆಯುತ್ತಾರಂತೆ. ನಾನು ತಕ್ಷಣ ತೀರ್ಪು ಕೊಟ್ಟೆ: ನಾಯಿ ದೊಡ್ಡದಿದ್ದಷ್ಟೂ ಜಿಗಿತ ದೊಡ್ಡದು. ಕಾಲು ಉದ್ದ, ನೆಗೆತ ಉದ್ದ, ಚರ್ಚೆಗೆ ಏನಿದೆ?

“ಹಂಗೇನಿಲ್ರೀ ದಾಜಿ,” ಎಂದ ಶಿವರಾಜ. ಅಕ್ಕನ ಗಂಡನನ್ನು ನಮ್ಮ ಕಡೆ ಮರಾಠಿಯವರಂತೆ ದಾಜಿ ಎನ್ನುತ್ತಾರೆ. ಅದರಲ್ಲಿ ಗೌರವ ಎಷ್ಟು, ಗೇಲಿ ಎಷ್ಟು ಎಂಬುದು ನನಗಿನ್ನೂ ಬಗೆಹರಿದಿಲ್ಲ. “ನಮ್ಮ ನಾಯಿ ಚಿಂಗಿ ಮೊಣಕಾಲಿನ ತನಾನೂ ಬರೂದಿಲ್ಲ. ಆದ್ರ ಅದು ಜಿಗದ್ರ ನಿಮ್ಮ ಬಾದಶಾ ಬಾಯಿ ತಕ್ಕೊಂಡು ನೋಡ್ತದ.”

ಬಾದಶಾ ನಮ್ಮ ನಾಯಿ. ಉದಗೀರ್ ಕಡೆಯ ಪರಿಚಯದವರು ಕೊಟ್ಟ ಕಾರವಾನಿ ತಳಿ. ತೆಳ್ಳನೆ ಮೈ, ಉದ್ದ ಕಾಲು, ನಿಂತರೆ ಬೆನ್ನು ನನ್ನ ಸೊಂಟಕ್ಕೆ ಬರುತ್ತದೆ. ನಾನು ತುಸು ಕುಳ್ಳ ಎಂಬುದನ್ನೂ ಹೇಳಿಬಿಡುತ್ತೇನೆ. ಮದುವೆಯ ಫೋಟೋಕ್ಕೆ ಸುಮಿತ್ರಾಳ ಪಕ್ಕ ನಿಲ್ಲಿಸುವಾಗ ನನ್ನ ಕಾಲ ಕೆಳಗೆ ಮಣೆ ಇಟ್ಟಿದ್ದರು. ಅಂದಿನಿಂದ ಎತ್ತರದ ಮೇಲೆ ನನಗೆ ಅಪಾರ ಶ್ರದ್ಧೆ. ಸಂಜೆ ಅಂಗಡಿ ಮುಚ್ಚಿ ಬಂದರೆ ಬಾದಶಾ ಗೇಟಿನಲ್ಲಿ ಕಾಯುತ್ತಿರುತ್ತಾನೆ, ತೊಡೆಯ ಮೇಲೆ ಗದ್ದ ಇಟ್ಟು ಕೂರುತ್ತಾನೆ. ನನ್ನ ಮಾತಿಗೆ ಯಾರೂ ತಲೆಯಾಡಿಸದ ದಿನವೂ ಅವನು ಬಾಲವಾಡಿಸುತ್ತಾನೆ. ಅವನಿಲ್ಲದ ಮನೆಯನ್ನು ನೆನೆಯಲೂ ನನಗಾಗದು.

ಸುಮಿತ್ರಾಳಿಗೆ ಅಂಥ ಮೋಹವಿರಲಿಲ್ಲ. “ಹಾಲು ಕುಡೀತದ, ಹೊರಸಿನ ಮ್ಯಾಲ ಮಲಗ್ತದ, ಮತ್ತೇನ್ ಮಾಡ್ತದ್ರೀ ಅದು? ಚಿಂಗಿಕಿಂತ ದೂರ ಜಿಗದ್ರ ನಮ್ಮ ಮನ್ಯಾಗ ಇರ್ಲಿ. ಇಲ್ಲಂದ್ರ ಶಿವರಾಜನ ಹೊಲಾ ಕಾಯ್ಲಾಕ ಬಿಟ್ಟು ಬರೂದು.”

“ಆಯ್ತು!” ಎಂದೆ. ತಿಳಿವಳಿಕೆಯ ಬಸ್ಸು ಇನ್ನೂ ಬಂದಿರಲಿಲ್ಲ.

ಭಾನುವಾರ ಟೆಂಪೋ ಮಾಡಿಕೊಂಡು ಶಿವರಾಜನ ಹೊಲಕ್ಕೆ ಹೋದೆವು. ಅಲ್ಲೊಂದು ಕೃಷಿಹೊಂಡ, ಸುತ್ತಲಿನ ಇಳಿಜಾರಿಗೆಲ್ಲ ಕರಿ ಪ್ಲಾಸ್ಟಿಕ್ ಹಾಸು. ಅದನ್ನು ಮಾರಿದವನು ನಾನೇ. ದಂಡೆಯಿಂದ ನೀರಿನ ಮೇಲೆ ಚಾಚುವಂತೆ ಶಿವರಾಜ ಹಲಗೆ ಕಟ್ಟಿದ್ದ. ಅಳತೆಗೆ ಪಕ್ಕದಲ್ಲಿ ಬಣ್ಣಬಣ್ಣದ ಚಿಂದಿ ಕಟ್ಟಿದ ಹಗ್ಗ, ಕೆಂಪಿನಾಚೆ ಹಳದಿ. ಆಟಿಕೆಯ ಬದಲು ಒಣಗಿದ ಗರಿಗರಿ ಕಟಕ ರೊಟ್ಟಿ. ರೊಟ್ಟಿ ಎಸೆದದ್ದೇ ಚಿಂಗಿ ಓಡಿಬಂದು ಹಾರಿ ಕೆಂಪು ಚಿಂದಿಯ ಹತ್ತಿರ ದುಬುಕ್ಕೆಂದು ಬಿತ್ತು.

ನಮ್ಮ ಬಾದಶಾ ಗಾಳಿಯ ಹಾಗೆ ಓಡಿದ. ಹಲಗೆಯ ತುದಿಗೆ ಬಂದು ಕೆಳಗೆ ನೋಡಿದ. ಗಕ್ಕನೆ ನಿಂತು, ಅಲ್ಲೇ ಕೂತುಬಿಟ್ಟ. ನನಗೆ ಆಗ ಹೊಳೆಯಿತು. ನಮ್ಮ ಮಾಳಿಗೆಯ ಮೇಲೆ ಸದಾ ತಾಡಪತ್ರಿ ಹಾಸಿರುತ್ತದೆ. ತೊಗರಿ, ಮೆಣಸಿನಕಾಯಿ, ಸಂಡಿಗೆ ಏನಾದರೊಂದು ಒಣಗುತ್ತಿರುತ್ತದೆ. ಮರಿಯಿದ್ದಾಗಿನಿಂದ ಸುಮಿತ್ರಾ ಅವನಿಗೆ ಕಲಿಸಿದ ಪಾಠ ಒಂದೇ: ತಾಡಪತ್ರಿ ತುಳಿಯಬಾರದು, ಅಂಚಿನಲ್ಲಿ ಕೂತು ಕಾಯಬೇಕು. ಅವನ ಕಣ್ಣಿಗೆ ಈ ಹೊಂಡ ಲೋಕದಲ್ಲೇ ದೊಡ್ಡ ತಾಡಪತ್ರಿ. ಕಾಯತೊಡಗಿದ್ದ.

“ಇದಕ್ಕ ಸಂಸ್ಕಾರ ಅಂತಾರ!” ಎಂದು ಕೂಗಿದೆ.

“ಸಂಸ್ಕಾರ ಅಳೀಲಾಕ ಹಗ್ಗಾ ಕಟ್ಟಿಲ್ರೀ ದಾಜಿ,” ಎಂದ ಶಿವರಾಜ.

ಇನ್ನೊಂದು ಅವಕಾಶ ಬೇಡಿ ಪಡೆದೆ. ಅವನಿಗೆ ಬೇಕಾದದ್ದು ಧೈರ್ಯ, ಅದು ನನ್ನಲ್ಲಿ ಧಾರಾಳವಾಗಿತ್ತು. ರೊಟ್ಟಿಯನ್ನು ಮೇಲೆತ್ತಿ ಹಿಡಿದು, “ನಡಿ ಬಾದಶಾ!” ಎಂದು ಅವನ ಜೊತೆಗೇ ಓಡಿದೆ. ತುದಿಗೆ ಬಂದಾಗ ಅವನು ನಿಂತ. ನಾನು ನಿಲ್ಲಲಿಲ್ಲ.

ಹುಡುಗನಾಗಿದ್ದಾಗ ಮಾಕಣಿ ಅಣೆಕಟ್ಟಿನ ನೀರಿನಲ್ಲಿ ಈಜು ಕಲಿತವನಾದ್ದರಿಂದ ಜೀವಕ್ಕೇನೂ ಆಗಲಿಲ್ಲ. ಆದರೆ ನಾನೇ ಮಾರಿದ ಪ್ಲಾಸ್ಟಿಕ್ಕು ಹತ್ತಿದಷ್ಟೂ ಜಾರಿಸಿತು. ಶಿವರಾಜ ಹಗ್ಗ ಎಸೆದು ಎಳೆಯಬೇಕಾಯಿತು. ಮೇಲೆ ಬಂದಾಗ ಬಾದಶಾ ಕುಂಯ್‌ಗುಡುತ್ತ ನನ್ನ ಮುಖ ನೆಕ್ಕಿದ. ಇವನು ಇನ್ನು ನನ್ನವನಲ್ಲ ಎನಿಸಿತು. “ಬಿಸಿ ಹಾಲು ಇವಗ ಆಗಿ ಬರೂದಿಲ್ಲೋ ಶಿವರಾಜ. ಆರಿಸಿ ಕೊಡು,” ಎಂದೆ.

“ತಡೀರಿ,” ಎಂದಳು ಸುಮಿತ್ರಾ. ಅವಳು ಹಗ್ಗವನ್ನೇ ನೋಡುತ್ತಿದ್ದಳು. “ನಿಮಗ ಬಾಲ ಇದ್ದಿದ್ರ ಅದರ ಬುಡ ಎಲ್ಲಿರ್ತಿತ್ತೋ, ಆ ಜಾಗಾ ಹಳದಿ ಚಿಂದಿ ದಾಟಿ ನೀರಿಗಿ ಬಿದ್ದದ. ನಾ ಕಣ್ಣಾರೆ ನೋಡೀನಿ. ಚಿಂಗಿ ಕೆಂಪಿನ ತನಾ ಅಷ್ಟೇ.”

“ನಾಯಿ ಜಿಗೀಬೇಕಿತ್ತಲ್ಲ ಅಕ್ಕಾ?”

“ನಮ್ಮ ಮನಿ ಕಡಿಂದ ಯಾರರೆ ಒಬ್ರು ಜಿಗದ್ರಲ್ಲ, ಸಾಕು. ಆ ಮನ್ಯಾಗ ನಾ ಹೇಳಿದ್ದು ಕೇಳೂ ಪ್ರಾಣಿ ಇದೊಂದೇ ಅದ. ಇದಕ್ಕ ಬಿಟ್ಟು ಯಾರಿಗಿ ಕರ್ಕೊಂಡು ಹೋಗ್ಲಿ?” ಎಂದು ಬಾದಶಾನ ಕೊರಳು ತಬ್ಬಿದಳು. ಆಮೇಲೆ ನನ್ನತ್ತ ತಿರುಗಿ, “ಈಗರೆ ಒಪ್ಕೋರಿ, ಜಿಗ್ಯಾಕ ಎತ್ತರ ಬೇಕಿಲ್ಲಂತ,” ಎಂದಳು. ಒಪ್ಪಿಕೊಂಡೆ. ನಾಯಿ ಉಳಿಯುವುದಾದರೆ ನಾನು ಯಾವ ಸಿದ್ಧಾಂತವನ್ನಾದರೂ ಬಿಡುತ್ತೇನೆ.

ವಾಪಸು ಬರುವಾಗ ಬಾದಶಾ ಮುಂದೆ ಸುಮಿತ್ರಾಳ ಪಕ್ಕ ಕೂತ; ಒದ್ದೆಯಾಗಿದ್ದ ನನ್ನನ್ನು ಟೆಂಪೋದ ಹಿಂದೆ ಹತ್ತಿಸಿದರು. ದಾರಿಯಲ್ಲಿ ಚಹಾಕ್ಕೆ ನಿಂತಾಗ ಡ್ರೈವರ್, ನಾವು ನಾಯಿ ಜಿಗಿತದ ಸ್ಪರ್ಧೆ ಗೆದ್ದ ಸುದ್ದಿ ಹೇಳಿದ. ಚಹಾದವನು ಬಾದಶಾನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಶಾಭಾಸ್! ಕಾಲು ನೋಡ್ರಿ ಎಷ್ಟುದ್ದ. ಇಂಥಾದ್ದೇ ದೂರ ಜಿಗ್ಯೂದು,” ಎಂದು ಒಂದು ಪೂರಾ ಬಿಸ್ಕೀಟಿನ ಪುಡಿಕೆ ಒಡೆದು ಅವನ ಮುಂದಿಟ್ಟ. ತಿದ್ದಬೇಕೆಂದು ಬಾಯಿ ತೆರೆದೆ. ಬಾದಶಾ ಬಿಸ್ಕೀಟು ತಿಂದ. ನಾನು ಸೀನಿದೆ.