ಪ್ರಮಿತಾ ಎಂಬ ಪಾಸ್‌ವರ್ಡ್

ಶಹಾಬಾದಿನ ಆ ಕಾಲೇಜಿನ ವೆಬ್‌ಸೈಟ್ ನಡೆಸುವ ಸಾಫ್ಟ್‌ವೇರಿಗೆ ಒಂದು ಕೆಟ್ಟ ಚಾಳಿಯಿತ್ತು. ಒಮ್ಮೆಗೇ ಬಹಳ ಜನ ಬಂದರೆ ಎಡವಿ ಬೀಳುತ್ತಿತ್ತು. ಬಿದ್ದದ್ದು ಸುಮ್ಮನಿರದೆ, ನಿದ್ದೆಗಣ್ಣಿನಲ್ಲಿ ಬಡಬಡಿಸುವ ಮನುಷ್ಯನ ಹಾಗೆ ತನ್ನೊಳಗಿನ ಗುಟ್ಟನ್ನೆಲ್ಲ ಬಂದವರೆದುರು ಒದರುತ್ತಿತ್ತು. ವರ್ಷವಿಡೀ ಆ ಸೈಟಿನತ್ತ ಯಾರೂ ಸುಳಿಯದ ಕಾರಣ ಅದನ್ನು ನೋಡಿಕೊಳ್ಳುವ ಹಂಗಾಮಿ ಗುಮಾಸ್ತ ರಘುವೀರನಿಗೂ ಈ ಚಾಳಿ ಗೊತ್ತಿರಲಿಲ್ಲ.

೨೦೦೬ರಲ್ಲಿ, ಫಸ್ಟ್ ಪಿಯು ರಿಸಲ್ಟಿನ ದಿನ, ಊರಿಗೆ ಊರೇ ಬಂತು.

ಅಬ್ದುಲ್ ಗನಿಯ ಇಂಟರ್‌ನೆಟ್ ಸೆಂಟರಿನಲ್ಲಿ ಅಂಕಗಳ ಬದಲು ಬಿಳಿ ಪುಟವೊಂದು ತೆರೆದುಕೊಂಡಿತು. ಅದರಲ್ಲಿ ಯೂಸರ್ ರಘುವೀರ, ಪಾಸ್‌ವರ್ಡ್ ಪ್ರಮಿತಾ ಎಂದಿತ್ತು.

"ರಘುವೀರ ಸಾಬ್, ನಿಮ್ ರಿಸಲ್ಟ್ ಬಂದದ ನೋಡ್ರಿ," ಎಂದು ಗನಿ ಫೋನ್ ಮಾಡಿದ. "ಪ್ರಿಂಟ್ ಭಾಳ ಖರ್ಚಾಗಾಕತ್ತಾವ."

ರಘುವೀರನ ಹೆಂಡತಿಯ ಹೆಸರು ವೃಂದಾ.

ಅವನು ಸೈಕಲ್ ತುಳಿದು ಮನೆ ಮುಟ್ಟುವಷ್ಟರಲ್ಲಿ ಪಕ್ಕದ ಮನೆಯ ಹೀರಾಬಾಯಿ ಒಂದು ಪ್ರಿಂಟ್ ತಂದು ಕೊಟ್ಟಾಗಿತ್ತು. ವೃಂದಾ ಚಿತ್ತಾಪುರದ ತವರಿಗೆ ಹೊರಡಲು ಸೀರೆ ಮಡಚುತ್ತಿದ್ದಳು.

"ಯಾರ್ರಿ ಆಕಿ?"

"ಖರೇನ ನಂಗೊತ್ತಿಲ್ಲ."

"ದಿನಾ ಆಕಿ ಹೆಸರು ಹೊಡದು ಒಳಗ ಹೋಗ್ತೀರಿ, ಗೊತ್ತಿಲ್ಲಂತೀರಿ."

"ಯೂಸರ್ ಹೆಸರಷ್ಟ ನಂದು, ಪಾಸ್‌ವರ್ಡ್ ನಾ ಇಟ್ಟಿದ್ದಲ್ಲ. ನಾ ಕೆಲಸಕ್ಕ ಸೇರೂಕಿಂತ ಮೊದ್ಲ ಇತ್ತು. ಸೈಟ್ ಮಾಡಿದ ಅರುಣಕುಮಾರ ಇಟ್ಟು ಹೋದದ್ದು."

"ಹಂಗಂದ್ರ ನಿನಗಿಂತ ಮೊದ್ಲಿನಾಕಿ ಬಿಡವ್ವ," ಎಂದು ಹೀರಾಬಾಯಿ ವೃಂದಾಳ ಬೆನ್ನು ಸವರಿದಳು.

"ಆ ಅರುಣಕುಮಾರನ ಬಾಯಿಂದ ಕೇಳ್ತೀನಿ," ಎಂದಳು ವೃಂದಾ. "ಸಂಜೀ ಗಾಡಿ ತನಕ ಕಾಯ್ತೀನಿ."

ಅಷ್ಟರಲ್ಲಿ ಕೂಡಲೇ ಕಾಲೇಜಿಗೆ ಬರುವಂತೆ ಪ್ರಿನ್ಸಿಪಾಲ್ ವಿಠ್ಠಲರಾಯರಿಂದ ಕರೆ ಬಂತು. ರಾಯರ ಹೆಂಡತಿ ಪದ್ಮಾಬಾಯಿಯ ತಂದೆಯೇ ಕಾಲೇಜು ಕಟ್ಟಿಸಿದವರು. ಆದ್ದರಿಂದ ರಾಯರು ಕಾಲೇಜಿನಲ್ಲಿ ಮಾತ್ರ ಗಟ್ಟಿಯಾಗಿ ಮಾತಾಡುತ್ತಿದ್ದರು.

"ಇದು ವಿದ್ಯಾಮಂದಿರ ಅದ, ರಘುವೀರ. ನಿಮ್ಮನ್ನ ಕಾಯಂ ಮಾಡೂ ಕಾಗದ ನನ್ನ ಕಿಸೆದಾಗ ಅದ. ಚಾರಿತ್ರ್ಯ ನೋಡಿ ಸಹಿ ಹಾಕಬೇಕಾಗ್ತದ," ಎಂದರು. ಫ್ಯಾನಿನ ಕೆಳಗೂ ಅವರು ಬೆವರುತ್ತಿದ್ದರು.

ರಘುವೀರ ಮಳಖೇಡಕ್ಕೆ ಓಡಿದ. ಅರುಣಕುಮಾರ ಈಗ ಅಲ್ಲಿ ನೌಕರಿಯಲ್ಲಿದ್ದ. ಬಸ್ಸಿನಲ್ಲಿ ಕಂಡಕ್ಟರು, "ಪ್ರಮಿತಾ ಮೇಡಂ ಊರಿಗೇನ್ರಿ?" ಎಂದು ಕೇಳಿಯೇ ಟಿಕೆಟ್ ಹರಿದ.

"ಅದಾ?" ಎಂದು ಅರುಣಕುಮಾರ ನಕ್ಕ. "ಪಾಸ್‌ವರ್ಡ್ ಏನಿಡ್ಲಿ ಸರ್ ಅಂತ ಕೇಳ್ದೆ. ಪ್ರಿನ್ಸಿಪಾಲ್ ಸಾಹೇಬ್ರು ಕಣ್ಣು ಮುಚ್ಚಿ, 'ಪ್ರಮಿತಾ ಅಂತಿಡು, ಮರೆಯೂದಿಲ್ಲ' ಅಂದ್ರು."

ರಘುವೀರ ಅವನನ್ನು ಎಷ್ಟು ಎಳೆದರೂ ಅವನು ಬರಲಿಲ್ಲ. ರಾಯರ ಮನೆಯ ವಿಷಯದಲ್ಲಿ ಸಾಕ್ಷಿ ಹೇಳುವ ಧೈರ್ಯ ಅವನಿಗಿರಲಿಲ್ಲ. ಆದರೂ ರಘುವೀರ ಗೆದ್ದ ಪೈಲ್ವಾನನಂತೆ ಮರಳಿದ. ವೃಂದಾ ದೂರು ಹೇಳಲು ರಾಯರ ಮನೆಗೆ ಹೋಗಿದ್ದಾಳೆಂದು ತಿಳಿದಾಗ ಅವನಿಗೆ ಖುಷಿಯೇ ಆಯಿತು. ಹೆಂಡತಿಗೂ ರಾಯರಿಗೂ ಒಂದೇ ಸಲ ಹೇಳಿ ಮುಗಿಸಬಹುದಲ್ಲ.

ಪದ್ಮಾಬಾಯಿ ವೃಂದಾಳ ಕೈ ಹಿಡಿದು ಕುಳಿತಿದ್ದರು. ಹಿಂದೆ ರಾಯರು ಗೋಡೆಗೆ ಆತು ನಿಂತಿದ್ದರು.

"ಬರ್ರಿ, ಕುಂದ್ರಿ," ಎಂದರು ಪದ್ಮಾಬಾಯಿ. "ನಿಮಗ ಬೈಬೇಕೋ, ಕೈ ಮುಗೀಬೇಕೋ ತಿಳೀವಲ್ದು. ಎಷ್ಟೋ ವರ್ಷದಿಂದ ಇವರು ನಿದ್ದಿಗಣ್ಣಾಗ ಪ್ರಮಿತಾ, ಪ್ರಮಿತಾ ಅಂತಾರ. ಕೇಳಿದ್ರ, ಕಾಲೇಜಿನ ಕ್ಲರ್ಕಂದು ಏನೋ ಲಫಡಾ, ಅದೇ ತಲಿಯಾಗ ಕುಂತದ ಅಂತಿದ್ರು. ನಾನೇ ನಂಬಿರ್ಲಿಲ್ಲ. ಇವತ್ತ ಆ ಪ್ರಿಂಟ್ ಕಣ್ಣಾರೆ ನೋಡ್ದೆ. ಖರೇ ಏನ್ರಿ?"

ರಾಯರು ಹೆಂಡತಿಯ ಬೆನ್ನ ಹಿಂದೆ ಕಿಸೆಯಿಂದ ಕಾಯಂ ಕಾಗದ ತೆಗೆದು ಗೋಡೆಗೆ ಹಿಡಿದು ಸಹಿ ಹಾಕಿದರು. ರಘುವೀರ ಬಾಯಿ ತೆರೆದ. ಕಾಗದ ನೋಡಿದ. ವೃಂದಾಳನ್ನು ರಾತ್ರಿ ಹೇಗಾದರೂ ಒಪ್ಪಿಸಿದರಾಯಿತು ಎಂದುಕೊಂಡ.

"ಖರೇ ಅದ್ರಿ, ಅಕ್ಕಾವ್ರ."

ವೃಂದಾ ಚೀಲ ಎತ್ತಿಕೊಂಡು ಸ್ಟೇಷನ್ನಿನ ದಾರಿ ಹಿಡಿದಳು. ಪದ್ಮಾಬಾಯಿ ಎದ್ದು ಗಂಡನ ಕೈಯಲ್ಲಿದ್ದ ಕಾಗದ ತೆಗೆದುಕೊಂಡು, ಓದಿ, ಸಾವಕಾಶವಾಗಿ ಹರಿದರು.

"ನಮ್ಮಪ್ಪ ಕಟ್ಟಿದ ಕಾಲೇಜಿನಾಗ ಇಂಥವ್ರು ಬ್ಯಾಡ."

ರಾಯರು ಗೇಟಿನ ತನಕ ಬಂದು ರಘುವೀರನ ಭುಜದ ಮೇಲೆ ಕೈಯಿಟ್ಟರು.

"ಹೋಗೂಕಿಂತ ಮೊದ್ಲ ಆ ಪಾಸ್‌ವರ್ಡ್ ಒಂದು ಬದಲಿ ಮಾಡಿ ಹೋಗ್ರಿ."

"ಏನಿಡ್ಲಿ ಸರ್?"

ರಾಯರು ಒಳಗೊಮ್ಮೆ ತಿರುಗಿ ನೋಡಿ ದನಿ ತಗ್ಗಿಸಿದರು.

"ಏನರ ಇಡ್ರಿ. ಪದ್ಮಾ ಅಂತ ಮಾತ್ರ ಬ್ಯಾಡ, ಮರ್ತುಬಿಡ್ತೀನಿ."